ಗುಂಡಿನ ಸದ್ದನ್ನು ಮೊದಲೇ ಹೇಳಿದರೆ ನಾಟಕ ಕೆಡುತ್ತದೆಯೇ?

ಆಟಿಸಂ ಇರುವ ಒಂಬತ್ತು ವರ್ಷದ ಮಗನನ್ನು ಮೊದಲ ಬಾರಿ ನಾಟಕಕ್ಕೆ ಕರೆದೊಯ್ದ ತಾಯಿಯೊಬ್ಬರು ನಮಗೆ ಬರೆದಿದ್ದಾರೆ. ರಂಗದ ಮೇಲೆ ಗುಂಡು ಸಿಡಿದು ದೀಪಗಳೆಲ್ಲ ಒಮ್ಮೆಲೇ ಆರಿದಾಗ ಹುಡುಗ ಕಿವಿ ಮುಚ್ಚಿಕೊಂಡು ಚೀರಿದ. ಹಿಂದಿನ ಸಾಲಿನಿಂದ "ಇಂಥವರನ್ನು ಯಾಕೆ ಕರೆತರುತ್ತೀರಿ?" ಎಂಬ ಮಾತು ಬಂತು. ಇಬ್ಬರೂ ಎದ್ದು ಹೊರಬಂದರು. ಆಯೋಜಕರನ್ನು ವಿಚಾರಿಸಿದರೆ, ಮೊದಲೇ ಹೇಳಿದರೆ ಸ್ವಾರಸ್ಯ ಹೋಗುತ್ತದೆ ಎಂದರಂತೆ. ಅದು ನಿಜವೇ, ಇಂಥ ಸದ್ದು ಬೆಳಕುಗಳನ್ನು ನಾಟಕದವರು ಬಿಟ್ಟೇಬಿಡಬಾರದೇ, ಮಗನನ್ನು ಮತ್ತೆ ಕರೆದೊಯ್ಯಬಹುದೇ ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಕರೆದೊಯ್ಯಿರಿ. ಆ ಪ್ರಶ್ನೆಗೆ ಇಷ್ಟೇ ಉತ್ತರ.

ಸ್ವಾರಸ್ಯದ ವಾದ ನನಗೆ ಒಪ್ಪಿಗೆಯಿಲ್ಲ. ಗುಂಡನ್ನು ಯಾರು, ಯಾರ ಮೇಲೆ, ಯಾಕೆ ಹಾರಿಸುತ್ತಾರೆ ಎಂಬುದರಲ್ಲಿ ನಾಟಕವಿದೆ. ಢಂ ಎಂಬ ಸದ್ದಿನಲ್ಲಿ ಇಲ್ಲ. "ಮೊದಲ ಅಂಕದಲ್ಲಿ ಒಂದು ಗುಂಡಿನ ಸದ್ದು, ಎರಡನೆಯದರಲ್ಲಿ ಮಿನುಗುವ ಬೆಳಕು ಮತ್ತು ಹೊಗೆ" ಎಂದು ಟಿಕೆಟ್ ಪುಟದಲ್ಲಿ ಬರೆದರೆ ಯಾವ ಗುಟ್ಟೂ ಹೊರಬೀಳುವುದಿಲ್ಲ. ಬೇಡದವರು ಓದದಿರಲಿ. ಇನ್ನು ಸ್ಟ್ರೋಬ್, ಅಂದರೆ ಪಟಪಟನೆ ಮಿನುಗುವ ಬೆಳಕಿನ ವಿಷಯದಲ್ಲಿ ಇದು ಅಭಿರುಚಿಯ ಪ್ರಶ್ನೆಯೇ ಅಲ್ಲ. ಮೂರ್ಛೆರೋಗ ಇರುವ ನೂರು ಜನರಲ್ಲಿ ಸುಮಾರು ಮೂವರಿಗೆ ಮಿನುಗುವ ಬೆಳಕೇ ಸೆಳವು ತರಬಲ್ಲದು. ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು ಹೆಚ್ಚು ಅಪಾಯಕಾರಿ. ಅಂಥವರು ಕಣ್ಣು ಮುಚ್ಚಿಕೊಂಡರೆ ಸಾಲದು, ಬೆಳಕು ರೆಪ್ಪೆಯನ್ನು ದಾಟಿ ಬರುತ್ತದೆ. ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿ, ಮುಖ ತಿರುಗಿಸಬೇಕು. ಬೆಳಕು ಬರುತ್ತದೆಂದು ಗೊತ್ತಿದ್ದರೆ ತಾನೇ ಅದೆಲ್ಲ ಸಾಧ್ಯ? ಅಸ್ತಮಾ ಇರುವವರಿಗೆ ಹೊಗೆಯ ವಿಷಯವೂ ಹಾಗೆಯೇ.

ಆದರೆ ಎಲ್ಲವನ್ನೂ ತೆಗೆದುಹಾಕಿ ಎಂಬ ನಿಮ್ಮ ಬೇಡಿಕೆಗೆ ನಾನು ಹೂಂಗುಟ್ಟಲಾರೆ. ಪ್ರೇಕ್ಷಕರ ಅಗತ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ನಿಮ್ಮ ಮಗನಿಗೆ ಧ್ವನಿ ತಗ್ಗಬೇಕು. ಕಿವಿ ಮಂದವಾದವರಿಗೆ ಏರಬೇಕು. ತುಟಿ ನೋಡಿ ಮಾತು ಹಿಡಿಯುವವರಿಗೆ ನಟರ ಮುಖದ ಮೇಲೆ ಒಳ್ಳೆಯ ಬೆಳಕು ಬೇಕು. ಪ್ರಖರ ಬೆಳಕಿನಿಂದ ತಲೆಸಿಡಿತ ಬರುವವರಿಗೆ ಅದೇ ಶಿಕ್ಷೆ. ಎಲ್ಲರಿಗೂ ಹೊಂದುವ ಒಂದೇ ಪ್ರದರ್ಶನ ಇರಲಾರದು. ಹಾಗಾಗಿಯೇ ಬೇರೆ ಬೇರೆ ದಾರಿಗಳು ಹುಟ್ಟಿಕೊಂಡವು: ಶ್ರವಣಯಂತ್ರಕ್ಕೆ ನೇರವಾಗಿ ಧ್ವನಿ ಕಳಿಸುವ ಇಂಡಕ್ಷನ್ ಲೂಪ್, ಸನ್ನೆ ಭಾಷೆಯ ಅನುವಾದಕರು, ರಂಗದ ಬದಿಯಲ್ಲಿ ಓಡುವ ಅಕ್ಷರಗಳು. ದೃಷ್ಟಿ ಇಲ್ಲದವರಿಗೆ ಸಂಭಾಷಣೆಯ ನಡುವಿನ ಬಿಡುವುಗಳಲ್ಲಿ ರಂಗಚಲನೆಯನ್ನು ಕಿವಿಯಲ್ಲಿ ವಿವರಿಸುವ ಕ್ರಮ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ 1981ರಲ್ಲೇ ಆರಂಭವಾಯಿತು.

ನಿಮ್ಮ ಮಗನಿಗೆ ಹೊಂದುವುದು ರಿಲ್ಯಾಕ್ಸ್ಡ್ ಪ್ರದರ್ಶನ, ಅಂದರೆ ಸದ್ದು, ಬೆಳಕು, ಶಿಸ್ತುಗಳನ್ನು ಸಡಿಲಿಸಿದ ಪ್ರದರ್ಶನ. ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ತಾಣವಾದ ಬ್ರಾಡ್‌ವೇಯಲ್ಲಿ ಆಟಿಸಂ ಇರುವವರಿಗೆಂದೇ ಹೊಂದಿಸಿದ ಮೊದಲ ಪ್ರದರ್ಶನ ನಡೆದದ್ದು 2011ರಲ್ಲಿ. ನಾಟಕ ಅದೇ, ನಟರೂ ಅವರೇ. ಸದ್ದಿನ ಏರುತುದಿಗಳನ್ನು ಮಾತ್ರ ತಗ್ಗಿಸುತ್ತಾರೆ, ಸ್ಟ್ರೋಬ್ ಕೈಬಿಡುತ್ತಾರೆ, ಪ್ರೇಕ್ಷಾಗೃಹವನ್ನು ಪೂರ್ತಿ ಕತ್ತಲು ಮಾಡುವುದಿಲ್ಲ. ಎದ್ದು ಓಡಾಡಬಹುದು, ಹೊರಹೋಗಿ ಮರಳಬಹುದು, ಸುಮ್ಮನೆ ಕೂರಲು ಒಂದು ಕೋಣೆಯೂ ಇರುತ್ತದೆ. ಬಾಗಿಲಿನಿಂದ ಆಸನದವರೆಗೆ ಏನೇನು ಎದುರಾಗುತ್ತದೆ ಎಂಬ ಚಿತ್ರಪುಸ್ತಿಕೆಯನ್ನೂ ಮುಂಚಿತವಾಗಿ ಕಳಿಸುವುದುಂಟು. ಕತ್ತಲಲ್ಲಿ ಪಿಟಕ್ಕೆನ್ನದೆ ಕೂರುವುದೇ ನಾಟಕ ನೋಡುವ ಸನಾತನ ವಿಧಾನ ಎಂದು ನಂಬಿದವರಿಗೆ ಒಂದು ಮಾತು: 1876ರಲ್ಲಿ ಜರ್ಮನಿಯ ಬೈರಾಯ್ಟ್ ಊರಿನಲ್ಲಿ ಸಂಗೀತನಾಟಕಕಾರ ವಾಗ್ನರ್ ಪ್ರೇಕ್ಷಾಗೃಹದ ದೀಪ ಆರಿಸಿದ್ದು ಆಗಿನವರಿಗೆ ಹೊಸ ಅನುಭವವಾಗಿತ್ತು. ಅದಕ್ಕೂ ಹಿಂದಿನ ಪ್ರೇಕ್ಷಕರು ಒಬ್ಬರನ್ನೊಬ್ಬರು ನೋಡುತ್ತ, ಹರಟುತ್ತಲೇ ನಾಟಕ ನೋಡುತ್ತಿದ್ದರು.

ಇಂಥ ಪ್ರದರ್ಶನ ಸಿಗದಿದ್ದರೆ ಸಾಮಾನ್ಯ ಪ್ರದರ್ಶನಕ್ಕೇ ಸಿದ್ಧರಾಗಿ ಹೋಗಿ. ಟಿಕೆಟ್ ಕೊಳ್ಳುವ ಮೊದಲು ತಂಡದವರಿಗೆ ಫೋನ್ ಮಾಡಿ. "ಮಕ್ಕಳಿಗೆ ಸರಿಹೋಗುತ್ತದೆಯೇ?" ಎಂದು ಕೇಳಿದರೆ "ಓಹೋ, ಧಾರಾಳವಾಗಿ" ಎನ್ನುತ್ತಾರೆ, ಅದರಿಂದ ನಿಮಗೇನೂ ತಿಳಿಯುವುದಿಲ್ಲ. ದೊಡ್ಡ ಸದ್ದು ಎಷ್ಟು ಸಲ, ಯಾವ ದೃಶ್ಯದಲ್ಲಿ, ಪೂರ್ತಿ ಕತ್ತಲು ಎಷ್ಟು ಹೊತ್ತು, ನಟರು ಪ್ರೇಕ್ಷಕರ ನಡುವೆ ಇಳಿದು ಬರುತ್ತಾರೆಯೇ, ಹೊರಹೋದವರನ್ನು ಮತ್ತೆ ಒಳಗೆ ಬಿಡುತ್ತಾರೆಯೇ ಎಂದೇ ಕೇಳಿ. ಧ್ವನಿವರ್ಧಕಗಳು ಹೆಚ್ಚಾಗಿ ರಂಗದ ಎರಡು ಬದಿಗಳಲ್ಲಿ ಇರುವುದರಿಂದ ಮುಂದಿನ ಸಾಲುಗಳ ಅಂಚಿನ ಆಸನ ಬೇಡ. ಹಿಂದಿನ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ, ನಡೆದಾಡುವ ದಾರಿಗೆ ತಗುಲಿದ ಕುರ್ಚಿ ಒಳ್ಳೆಯದು. ಸದ್ದು ತಡೆಯುವ ಇಯರ್‌ಮಫ್‌ಗಳನ್ನು ಮನೆಯಲ್ಲೇ ಹಾಕಿ ಅಭ್ಯಾಸ ಮಾಡಿಸಿ. ಹೊಸದನ್ನು ಅಲ್ಲೇ ಮೊದಲ ಬಾರಿ ಕೊಟ್ಟರೆ ಅದೇ ಇನ್ನೊಂದು ಕಿರಿಕಿರಿಯಾದೀತು.

ಎರಡು ಜಾಗಗಳನ್ನು ಜನ ಮರೆಯುತ್ತಾರೆ. ಒಂದು ಶೌಚಾಲಯ: ಕೈ ಒಣಗಿಸುವ ಯಂತ್ರದ ಭೋರ್ಗರೆತ ಎಷ್ಟೋ ಮಕ್ಕಳಿಗೆ ರಂಗದ ಗುಂಡಿಗಿಂತ ಭಯಂಕರ. ವಿರಾಮದ ನೂಕುನುಗ್ಗಲಿಗೆ ಮೊದಲೇ ಹೋಗಿಬನ್ನಿ, ಜೇಬಿನಲ್ಲಿ ಕರವಸ್ತ್ರ ಇರಲಿ. ಇನ್ನೊಂದು ಕೊನೆಯ ಚಪ್ಪಾಳೆ. ನಾಟಕವನ್ನೆಲ್ಲ ತಾಳಿಕೊಂಡ ಮಗು ಅಲ್ಲಿ ಕುಸಿಯಬಹುದು. ನಟರು ನಮಸ್ಕಾರಕ್ಕೆ ಸಾಲಾಗಿ ನಿಲ್ಲುವ ಮುನ್ನ ಹೊರಟರೆ ಯಾರಿಗೂ ಅವಮಾನವಿಲ್ಲ.

ಹಿಂದಿನ ಸಾಲಿನವರಿಗೆ ನೀವು ವಿವರಣೆ ಕೊಡಬೇಕಿಲ್ಲ. ಅವರ ಸಿಟ್ಟಿಗೂ ನಿಮ್ಮ ಮಗನ ಚೀರಾಟಕ್ಕೂ ಕಾರಣ ಒಂದೇ, ಮುಂಚೆ ಯಾರೂ ಏನೂ ಹೇಳಿರಲಿಲ್ಲ. ಆ ದೂರು ಹೋಗಬೇಕಾದದ್ದು ಆಯೋಜಕರ ಬಳಿಗೆ. ಬರೆದು ಕೊಡಿ, ಯಾವ ದೃಶ್ಯ, ಯಾವ ಸದ್ದು ಎಂಬ ವಿವರ ಸಹಿತ. ಮುಂದಿನ ಪ್ರದರ್ಶನದ ಪ್ರಕಟಣೆಯಲ್ಲಿ ಸೇರಿಸಲು ಅವರಿಗೆ ಎರಡು ಸಾಲು ಸಿದ್ಧವಾಗಿ ಸಿಕ್ಕಂತಾಗುತ್ತದೆ.