ಗಾಳಕ್ಕೆ ಸಿಕ್ಕ ತೊರಕೆ (ಸ್ಟಿಂಗ್‌ರೇ) ಮೀನಿನ ವಾಸನೆ ಹೋಗಲು ಯಾವ ಮಸಾಲೆ ಹಾಕಬೇಕು? ನಿಂಬೆ ಹಿಂಡಬೇಕೋ, ವಿನೆಗರ್ ಹಾಕಬೇಕೋ?

ಯಾವ ಮಸಾಲೆಯಿಂದಲೂ ಹೋಗುವುದಿಲ್ಲ. ಆ ವಾಸನೆ ತೊರಕೆಯ ಹುಟ್ಟುಗುಣ, ಖಾರ ಹುಳಿ ಹೆಚ್ಚಿಸಿದರೆ ಅಡಗುತ್ತದೆ ಎಂದು ನಾನೂ ನಂಬಿದ್ದೆ. ಒಂದು ಏಪ್ರಿಲ್ ಬೆಳಿಗ್ಗೆ ಉಡುಪಿ ಬಳಿಯ ಕಾಪುವಿನ ಕಡಲತೀರದ ಬಂಡೆಗಳ ಮೇಲೆ ಕೆಂಬೇರಿ ಮೀನಿನ ಆಸೆಯಿಂದ ಗಾಳ ಹಾಕಿ ಕುಳಿತಿದ್ದಾಗ, ಊಟದ ತಟ್ಟೆಯಷ್ಟು ಅಗಲದ ತೊರಕೆಯೊಂದು ಸಿಕ್ಕಿತು. ಬಾಲವನ್ನು ಮಾತ್ರ ಕಡಿದು, ಮೀನನ್ನು ಇಡಿಯಾಗಿ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಸ್ಕೂಟರಿಗೆ ನೇತುಹಾಕಿ, ಬಿಸಿಲು ನೆತ್ತಿಗೇರುವವರೆಗೂ ಬಾರದ ಕೆಂಬೇರಿಗಾಗಿ ಕಾದೆ.

ಕೆಟ್ಟದ್ದು ಅಲ್ಲಿಯೇ. ಶಾರ್ಕ್ ಮತ್ತು ತೊರಕೆಗಳು ಉಪ್ಪುನೀರಿನಲ್ಲಿ ಬಾಳಲು ತಮ್ಮ ರಕ್ತ, ಮಾಂಸಗಳಲ್ಲಿ ಯೂರಿಯಾವನ್ನು ಉಳಿಸಿಕೊಂಡಿರುತ್ತವೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ, ಸೆಕೆ ಹೆಚ್ಚಿದಷ್ಟೂ ಬೇಗ ಮಾಡುತ್ತವೆ. ರಕ್ತ ಹರಿಸಲಿಲ್ಲ, ಕರುಳು ತೆಗೆಯಲಿಲ್ಲ, ಮಂಜುಗಡ್ಡೆ ಒಯ್ದಿರಲಿಲ್ಲ, ಸಾಲದ್ದಕ್ಕೆ ಗಾಳಿಯಾಡದ ಚೀಲ. ಮನೆಯಲ್ಲಿ ಕೊಯ್ದಾಗ ಬಸ್‌ಸ್ಟ್ಯಾಂಡಿನ ಮೂತ್ರಾಲಯದ ನಾತ ಬಂದರೂ ಬಿಡದೆ, ಹುಣಸೆನೀರಿನಲ್ಲಿ ತೊಳೆದು, ಶುಂಠಿ ಬೆಳ್ಳುಳ್ಳಿ ಇಮ್ಮಡಿಯಾಗಿ ಅರೆದು, ಅಜ್ಜಿ ವರ್ಷಗಟ್ಟಲೆ ಪಳಗಿಸಿದ್ದ ಮಣ್ಣಿನ ಅಳಗೆಯಲ್ಲಿಯೇ ಬೇಯಿಸಿದೆ. ಸಾರು ತೆಂಗಿನ ಬುಡಕ್ಕೆ ಹೋಯಿತು. ಮಣ್ಣು ವಾಸನೆಯನ್ನು ಹೀರಿಕೊಂಡಿದ್ದರಿಂದ, ಬೂದಿನೀರು ಕುದಿಸಿದರೂ ಅಳಗೆ ಸರಿಯಾಗದೆ, ಅಜ್ಜಿ ಒಂದೂ ಮಾತನಾಡದೆ ಅದನ್ನು ಕೋಳಿಗಳಿಗೆ ನೀರಿಡಲು ಹಿತ್ತಲಿಗೆ ಹಾಕಿದರು.

ಆದ್ದರಿಂದ ನಿಂಬೆಯೋ ವಿನೆಗರೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹುಳಿಗೆ ಅಲ್ಪಸ್ವಲ್ಪ ವಾಸನೆ ಮಾತ್ರ ಬಗ್ಗುತ್ತದೆ. ಮುಖ್ಯವಾದ ಕೆಲಸವೆಲ್ಲ ಬಂಡೆಯ ಮೇಲೆಯೇ ಮುಗಿಯಬೇಕು. ಮೊದಲು ತಲೆಗೆ ಕೋಲಿನಿಂದ ಹೊಡೆದು ಕೊಲ್ಲಿ. ಆಮೇಲೆ ಬಾಲವನ್ನು ಬುಡದಲ್ಲಿ ಕಡಿಯಿರಿ. ಬಾಲದ ಗರಗಸದಂಥ ಮುಳ್ಳಿನಲ್ಲಿ ವಿಷವಿರುವುದರಿಂದ ಅದನ್ನು ಮರಳಿನ ಮೇಲೆ ಎಸೆಯಬೇಡಿ. ಚುಚ್ಚಿದರೆ ತಾಳಿಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಗಾಯವನ್ನು ಅರ್ಧ ಗಂಟೆಗೂ ಹೆಚ್ಚು ಕಾಲ ಮುಳುಗಿಸಿಡಬೇಕು, ಆಸ್ಪತ್ರೆಗೂ ಹೋಗಬೇಕು. ಕಿವಿರುಗಳನ್ನು ಕೊಯ್ದು, ಕಡಲನೀರಿನ ಬಕೆಟ್ಟಿನಲ್ಲಿ ರಕ್ತ ಹರಿಯಲು ಬಿಟ್ಟು, ಕರುಳು ತೆಗೆದು, ಎರಡು ರೆಕ್ಕೆಗಳನ್ನು ಬಿಡಿಸಿ ಮಂಜುಗಡ್ಡೆಯಲ್ಲಿ ಹೂತಿಡಿ. ಮಂಜುಗಡ್ಡೆ ಒಯ್ಯದ ದಿನ ತೊರಕೆ ಸಿಕ್ಕರೆ, ದಾರ ಕತ್ತರಿಸಿ ಮೀನನ್ನು ಬಿಟ್ಟುಬಿಡುವುದೇ ಲೇಸು.

ಮನೆಯಲ್ಲಿ ರೆಕ್ಕೆಗಳ ಮೇಲೆ ಕುದಿಯುವ ನೀರು ಸುರಿದರೆ, ಮರಳುಕಾಗದದಂತೆ ಒರಟಾದ ಮೇಲ್ಪದರವನ್ನು ಚೂರಿಯಿಂದ ಸುಲಭವಾಗಿ ಹೆರೆಯಬಹುದು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಚಿಟಿಕೆ ಮೆಂತ್ಯ ಹುರಿದು, ಬೆಳ್ಳುಳ್ಳಿ ಮತ್ತು ಹುಣಸೆಯೊಂದಿಗೆ ನೀರು ಕಡಿಮೆ ಹಾಕಿ ಅರೆದು, ತೆಂಗಿನಕಾಯಿಯಿಲ್ಲದ ಪುಳಿಮುಂಚಿಯನ್ನೇ, ಅಂದರೆ ಹುಳಿ ಖಾರದ ಗಟ್ಟಿ ಸಾರನ್ನೇ ಮಾಡಿ. ಈ ಮೀನಿಗೆ ತೆಳ್ಳನೆಯ ಸಾರು ಒಗ್ಗುವುದಿಲ್ಲ. ಮಸಾಲೆ ಕುದಿದ ಮೇಲೆ ತುಂಡುಗಳನ್ನು ಹಾಕಿ, ಸೌಟಿನಿಂದ ಕಲಕದೆ ಪಾತ್ರೆಯನ್ನೇ ಹಿಡಿದು ಅಲುಗಾಡಿಸಿ. ತೊರಕೆಯ ಮಾಂಸದಲ್ಲಿ ಗಟ್ಟಿ ಮುಳ್ಳುಗಳಿಲ್ಲ. ಬೆಂದ ಮೆದು ಎಲುಬನ್ನು ಮಾಂಸದ ಜೊತೆಗೆ ಅಗಿದು ತಿನ್ನಬಹುದು.