ಗ್ಯಾಸ್ ಪೈಪ್‌ಲೈನ್ ಮೇಲೆ ಅಡಿಕೆ ಹಾಕಬಹುದಾ?

ತೀರ್ಥಹಳ್ಳಿ ಕಡೆ ನಿಮ್ಮ ಜಮೀನಿನಲ್ಲಿ ಗ್ಯಾಸ್ ಪೈಪ್‌ಲೈನ್ ಹಾದು ಹೋದರೆ ಅದರ ಮೇಲೆ ಅಡಿಕೆ ಸಸಿ ನೆಡಬಹುದಾ ಎಂದು ಕೇಳಿದ್ದೀರಿ. ಖಂಡಿತ ಬೇಡ ಸರ್. 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ ಜಾಗ ನಿಮ್ಮದೇ, ಪೈಪ್‌ಲೈನ್ ಕಂಪನಿಗೆ ಸಿಗುವುದು ಬಳಕೆಯ ಹಕ್ಕು ಮಾತ್ರ, ಆದರೆ ಪೈಪ್ ಹಾದು ಹೋಗುವ ಆ ಉದ್ದನೆಯ ಜಾಗದಲ್ಲಿ ಮರ ನೆಡುವುದು, ಮನೆ ಕಟ್ಟುವುದು, ಬಾವಿ ತೆಗೆಯುವುದು ಯಾವುದಕ್ಕೂ ಅವಕಾಶ ಇಲ್ಲ. ಗದ್ದೆಯಾದರೆ ಭತ್ತ ಬೆಳೆಯಬಹುದು. ಈ ಹಕ್ಕು ಪಡೆಯುವ ಸರ್ಕಾರಿ ಅಧಿಸೂಚನೆ ಬಂದ 21 ದಿನದೊಳಗೆ ತಕರಾರು ಬರೆದು ಕೊಡಿ, ಸುಮ್ನೆ ಕೂರಬೇಡಿ.

ನನಗೆ ಜಾಸ್ತಿ ಭಯ ಜೆಸಿಬಿಯದು, ಅಗೆಯುವಾಗ ಪೈಪಿಗೆ ತಾಗಬಹುದು. ನಮ್ಮ ಮಳೆಗೆ ಧರೆ ಕುಸಿದರೂ ಪೈಪಿಗೆ ಪೆಟ್ಟು ಬೀಳಬಹುದು, ಅಲ್ವಾ? 2014ರಲ್ಲಿ ಆಂಧ್ರದ ನಗರಂ ಹಳ್ಳಿಯಲ್ಲಿ ಸೋರಿದ ಗ್ಯಾಸಿಗೆ ಬೆಂಕಿ ಹತ್ತಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಸುರಕ್ಷತೆಯ ನಿಯಮ ಮಾಡುವುದು ಪಿಎನ್‌ಜಿಆರ್‌ಬಿ, ಅಂದರೆ ಕೇಂದ್ರದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ. ಸೋರುವ ಶಬ್ದ ಕೇಳಿದರೆ ಮೊದಲು ದೂರ ಹೋಗಿ, ಆಮೇಲೆ ಗುರುತಿನ ಕಂಬದಲ್ಲಿರುವ ನಂಬರಿಗೆ ಫೋನ್ ಮಾಡಿ.