ವೇಷ ಅಲ್ಲ ಮಾಸ್ತರೇ, ಮೈಯೇ

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ಡಿಸೆಂಬರ್ ಸಂಚಿಕೆಯಲ್ಲಿ ಕಾರವಾರದ ಕ್ರಿಸ್ಮಸ್ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿದೆ. ಆದರೆ ಒಂದು ಮುಖ್ಯ ಮಾತು ಬಿಟ್ಟುಹೋಗಿದೆ. ದೇವರು ಮನುಷ್ಯನಾಗಿ ಹುಟ್ಟಿ ಬರುವುದು ನಮಗೆ ಹೊಸದಲ್ಲ. ಕೃಷ್ಣ ಸೆರೆಮನೆಯಲ್ಲಿ ಹುಟ್ಟಿದ, ಯೇಸು ದನದ ಕೊಟ್ಟಿಗೆಯಲ್ಲಿ. ಅಲ್ಲಿ ಕಂಸ, ಇಲ್ಲಿ ಹೆರೋದ. ದೇವರು ಒಬ್ಬನೇ, ವೇಷ ಬೇರೆ ಬೇರೆ. ಇಷ್ಟು ಬರೆದಿದ್ದರೆ ಸೌಹಾರ್ದಕ್ಕೂ ಒಳ್ಳೆಯದಿತ್ತು.
ನಿವೃತ್ತ ಶಿಕ್ಷಕ, ಶಿರಸಿ ತಾಲ್ಲೂಕು

ಸಂಪಾದಕರ ಉತ್ತರ

ಮಾಸ್ತರೇ, ನಮಸ್ಕಾರ. ನಿಮ್ಮ ಪತ್ರ ಬಂದರೆ ಕಚೇರಿಯಲ್ಲಿ ಅದನ್ನು ನಾನೇ ಒಡೆಯುವುದು. ಬೇರೆಯವರ ಕೈಗೆ ಕೊಡುವುದಿಲ್ಲ. ಈ ಸಲ ಬರೆದದ್ದು ಒಂದು ಕಾರ್ಡಿನಷ್ಟು. ಆದರೆ ನಾನು ಎಷ್ಟೋ ಕಾಲದಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ವಿಷಯಕ್ಕೇ ಕೈ ಹಾಕಿದ್ದೀರಿ. ಉತ್ತರ ಉದ್ದ ಆಗುತ್ತದೆ, ಸೈರಿಸಿಕೊಳ್ಳಿ.

ಕಂಸ, ಹೆರೋದರ ಹೋಲಿಕೆ ಸರಿ ಇದೆ. ಇಬ್ಬರೂ ಎಳೆ ಮಕ್ಕಳ ಮೇಲೆ ಕತ್ತಿ ಎತ್ತಿದವರು. ರಾತ್ರೋರಾತ್ರಿ ಕೂಸನ್ನು ಎತ್ತಿಕೊಂಡು ಊರು ಬಿಡುವುದು ಭಾಗವತದಲ್ಲೂ ಇದೆ, ಮತ್ತಾಯನ ಸುವಾರ್ತೆಯಲ್ಲೂ ಇದೆ. ದನಗಳ ಸಂಗವೂ ಎರಡು ಕಡೆ ಉಂಟು. ಒಪ್ಪಿದೆ.

ನನ್ನ ತಕರಾರು ಆಮೇಲಿನ ಮಾತಿನ ಮೇಲೆ. ವೇಷ ಬೇರೆ ಬೇರೆ ಅಂದಿರಲ್ಲ, ಯಕ್ಷಗಾನದ ಸೀಮೆಯಲ್ಲಿ ಕೂತು ಹಾಗೆ ಹೇಳಬಹುದಾ? ಗದಾಯುದ್ಧದಲ್ಲಿ ತೊಡೆ ಮುರಿದು ಬಿದ್ದ ಕೌರವ ಬೆಳಗಿನ ಜಾವ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬರುತ್ತಾನೆ. ಕಿರೀಟ ಬಿಚ್ಚುತ್ತಾನೆ, ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾನೆ, ಚಹಾ ಕುಡಿದು ಮೊದಲ ಬಸ್ಸಿಗೆ ಹೋಗುತ್ತಾನೆ. ತೊಡೆಗೆ ಏನೂ ಆಗಿರುವುದಿಲ್ಲ. ಕ್ರೈಸ್ತರು ಶುರುವಿನಿಂದಲೂ ಬೇಡ ಎಂದು ತಳ್ಳಿದ್ದು ಸರಿಯಾಗಿ ಇದನ್ನೇ.

ಇದು ನಾನು ಕಟ್ಟಿದ ಮಾತಲ್ಲ. ಯೇಸು ತೀರಿಕೊಂಡು ನೂರು ವರ್ಷ ಆಗುವ ಮೊದಲೇ ಅವರಲ್ಲೇ ಕೆಲವರು ನಿಮ್ಮ ಹಾಗೆ ಹೇಳತೊಡಗಿದ್ದರು. ದೇವರಿಗೆ ನಿಜವಾದ ಮೈ ಎಲ್ಲಿಂದ ಬರಬೇಕು, ಅದು ಬರೀ ತೋರಿಕೆ, ಶಿಲುಬೆಯ ಮೇಲಿನ ನೋವೂ ತೋರಿಕೆಯೇ ಎಂದು. ದೇವರ ಮರ್ಯಾದೆ ಉಳಿಸಲಿಕ್ಕೆ ಹೇಳಿದ್ದು, ಪಾಪ. ಆಗ ಅಂತಿಯೋಕ್ಯದಲ್ಲಿ ಇಗ್ನೇಷಿಯಸ್ ಎಂಬ ಬಿಷಪ್ ಇದ್ದ. ರೋಮಿನ ಸಿಪಾಯಿಗಳು ಅವನನ್ನು ಸಂಕೋಲೆ ಹಾಕಿ ರೋಮಿಗೆ ಒಯ್ಯುತ್ತಿದ್ದರು. ಅಲ್ಲಿ ಮೃಗಗಳ ಬಾಯಿಗೆ ಕೊಡುತ್ತಾರೆ ಎಂಬುದು ಅವನಿಗೆ ಗೊತ್ತು. ದಾರಿಯಲ್ಲೇ ಊರೂರಿನ ಕ್ರೈಸ್ತ ಸಭೆಗಳಿಗೆ ಪತ್ರ ಬರೆದ. ಒಂದು ಪತ್ರದಲ್ಲಿ ಅವನು ಕೇಳುವುದು ಇಷ್ಟೇ: ಯೇಸು ಪಟ್ಟ ನೋವು ತೋರಿಕೆಯದಾದರೆ ನನ್ನ ಕೈಗೆ ಈ ಸಂಕೋಲೆ ಯಾಕೆ? ಈ ವಾದಕ್ಕೆ ನಾನು ಎಲ್ಲೂ ಉತ್ತರ ಕಂಡಿಲ್ಲ.

ಇನ್ನು ಕೂಸಿನ ವಿಷಯ. ನೆಸ್ಟೋರಿಯಸ್ ಎಂಬವನು 428ರಲ್ಲಿ ಕಾನ್‌ಸ್ಟಾಂಟಿನೋಪಲಿನ ಬಿಷಪ್ ಆದ. ಓದಿದವನು, ಒಳ್ಳೆಯ ಮಾತುಗಾರ. ಎರಡು ಮೂರು ತಿಂಗಳ ಮಗುವನ್ನು ನಾನು ದೇವರು ಎನ್ನಲಾರೆ ಎಂದು ಅವನು ಹೇಳಿದನಂತೆ. ಮರಿಯಾಳನ್ನು ದೇವರ ತಾಯಿ ಎನ್ನುವುದೂ ಅವನಿಗೆ ಸರಿ ಬರಲಿಲ್ಲ. 431ರಲ್ಲಿ ಎಫೆಸದಲ್ಲಿ ಬಿಷಪ್ಪರು ಸಭೆ ಸೇರಿದರು. ತೀರ್ಪು ಅವನ ವಿರುದ್ಧ ಬಂತು. ಕೂಸು ದೇವರೇ, ಆಕೆ ದೇವರ ತಾಯಿಯೇ, ಇದರಲ್ಲಿ ಚೌಕಾಸಿ ಇಲ್ಲ ಎಂದರು.

ನೀವು ಇಲ್ಲಿ ನಗುತ್ತಿರಬಹುದು. ತೊಟ್ಟಿಲಲ್ಲಿ ದೇವರನ್ನು ಮಲಗಿಸಿ ಜೋಗುಳ ಹಾಡಲು ನಮ್ಮ ಹೆಂಗಸರಿಗೆ ಯಾವ ಸಭೆಯ ಒಪ್ಪಿಗೆಯೂ ಬೇಕಾಗಲಿಲ್ಲ. ನಿಜ. ಆದರೆ ನಮ್ಮ ಕೂಸು ಮಣ್ಣು ತಿಂದು ಬಾಯಿ ತೆರೆದರೆ ಯಶೋದೆಗೆ ಬ್ರಹ್ಮಾಂಡ ಕಾಣುತ್ತದೆ. ಆ ಕೂಸು ಬಾಯಿ ತೆರೆದರೆ ಅಳುತ್ತದೆ, ಅಷ್ಟೇ. ಬಾಲ ಯೇಸು ಮಣ್ಣಿನಲ್ಲಿ ಗುಬ್ಬಿ ಮಾಡಿ ಹಾರಿಸಿದ ಎಂಬ ಕಥೆ ಅವರಲ್ಲೂ ಹುಟ್ಟಿತ್ತು. ಜನರಿಗೆ ಇಷ್ಟವೂ ಆಗಿತ್ತು. ಆದರೆ ಆ ಪುಸ್ತಕ ಬೈಬಲಿನ ಒಳಗೆ ಬರಲಿಲ್ಲ. ಒಳಗೆ ಉಳಿದ ನಾಲ್ಕು ಸುವಾರ್ತೆಗಳಲ್ಲಿ ಮಾರ್ಕ ಮತ್ತು ಯೋಹಾನ ಹುಟ್ಟಿನ ಕಥೆಯನ್ನೇ ಹೇಳುವುದಿಲ್ಲ. ಹೇಳುವ ಲೂಕ ಏನು ಹೇಳುತ್ತಾನೆ ನೋಡಿ. ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಎಂಟನೇ ದಿನ ಸುನ್ನತಿ ಆಯಿತು, ಹೆಸರಿಟ್ಟರು. ದೇವಾಲಯಕ್ಕೆ ಹೋದಾಗ ಕುರಿಮರಿ ಕೊಡಲಾರದ ಬಡವರು ಕೊಡುವ ಹಕ್ಕಿಜೋಡಿಯ ಕಾಣಿಕೆ ಕೊಟ್ಟರು. ಹುಡುಗ ಬುದ್ಧಿಯಲ್ಲೂ ಬೆಳೆದ ಎನ್ನುತ್ತಾನೆ. ಬೆಳೆಯಬೇಕಾದರೆ ಮೊದಲು ಕಡಿಮೆ ಇತ್ತು ಎಂದಾಯಿತಲ್ಲ! ಹನ್ನೆರಡರ ವಯಸ್ಸಿನಲ್ಲಿ ಒಂದು ಸಲ ದೇವಾಲಯದಲ್ಲಿ ಕಾಣಿಸಿಕೊಂಡವನು ಮತ್ತೆ ಕಾಣುವುದು ಸುಮಾರು ಮೂವತ್ತಕ್ಕೆ. ನಡುವಿನ ವರ್ಷಗಳ ಬಗ್ಗೆ ಒಂದು ಪವಾಡವೂ ಇಲ್ಲ. ಊರವರ ಕಣ್ಣಿಗೆ ಅವನೊಬ್ಬ ಬಡಗಿ. ಪುರಾಣ ಬರೆಯುವವರು ಯಾರಾದರೂ ಇಷ್ಟು ವರ್ಷ ಸುಮ್ನೆ ಬಿಡುತ್ತಾರಾ?

ಕಾರವಾರದಲ್ಲಿ ನಮ್ಮ ಮನೆ ಹತ್ತಿರ ಒಬ್ಬರು ವಯಸ್ಸಾದ ಹೆಂಗಸು ಇದ್ದರು. ಕೊಂಕಣಿ ಕ್ಯಾಥೋಲಿಕರು. ಪ್ರತಿ ಡಿಸೆಂಬರಿನಲ್ಲಿ ಅಂಗಳದ ಮೂಲೆಯಲ್ಲಿ ಗೋದಲಿ ಕಟ್ಟುತ್ತಿದ್ದರು. 24ರ ರಾತ್ರಿ ಇಗರ್ಜಿಯ ಪೂಜೆ ಮುಗಿಸಿ ಬರುವ ತನಕ ಹುಲ್ಲಿನ ಮೇಲೆ ಕೂಸನ್ನು ಇಡುತ್ತಿರಲಿಲ್ಲ. ನಾನು ಆಗಷ್ಟೇ ದೊಡ್ಡ ದೊಡ್ಡ ಪುಸ್ತಕ ಓದಿದವನು. ದೇವರು ಮನುಷ್ಯನಾದದ್ದನ್ನು ನೀವು ಹೇಗೆ ತಿಳಿದುಕೊಳ್ಳುತ್ತೀರಿ ಎಂದು ಕೇಳಿದೆ. ಅವರು ನೆವ್ರಿ (ಕರ್ಜಿಕಾಯಿ) ಕರಿಯುತ್ತಾ, ತಲೆ ಎತ್ತದೆ ಹೇಳಿದರು. "ಮಾರ್ಚ್ 25ಕ್ಕೆ ದೇವದೂತ ಬಂದು ಹೇಳಿದ ಹಬ್ಬ. ಡಿಸೆಂಬರ್ 25ಕ್ಕೆ ಹುಟ್ಟಿದ ಹಬ್ಬ. ಲೆಕ್ಕ ಹಾಕು. ದೇವರಾದರೂ ಒಂಬತ್ತು ತಿಂಗಳು ಕಾದ. ನಾಲ್ಕು ಹೆತ್ತವಳು ನಾನು, ನನಗೆ ಅಷ್ಟು ಸಾಕು." ನನಗೂ ಸಾಕಾಯಿತು.

ಈಗ ನಿಮಗೆ ಪ್ರೀತಿಯ ರಾಮನ ಕಡೆ ಬರುತ್ತೇನೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಅಂದರೆ ಊಟ ಬಿಟ್ಟು ಹೋಗುವವರು ನೀವು. ಸೀತೆಯನ್ನು ಕಳೆದುಕೊಂಡ ರಾಮ ಮರಗಿಡಗಳನ್ನು ಕೇಳುತ್ತಾ ಅಳುತ್ತಾನೆ. ಎದುರಿನ ಪಾತ್ರದ ಮಾತಾಡುವ ಅರ್ಥಧಾರಿ ಬಿಡುತ್ತಾನಾ? ನೀನು ಸಾಕ್ಷಾತ್ ನಾರಾಯಣ, ಅಳು ಯಾಕೆ, ಅವಳು ಎಲ್ಲಿದ್ದಾಳೆ ಎಂದು ನಿನಗೆ ಗೊತ್ತಿಲ್ಲವಾ ಎಂದು ಎಳೆಯುತ್ತಾನೆ. ಗೊತ್ತಿದ್ದೂ ಅತ್ತರೆ ಅದು ನಾಟಕ. ಗೊತ್ತಿಲ್ಲದೆ ಅತ್ತರೆ ಅವನು ದೇವರು ಹೇಗೆ? ವಾಲ್ಮೀಕಿಯ ರಾಮ ಯುದ್ಧಕಾಂಡದಲ್ಲಿ, ನಾನು ದಶರಥನ ಮಗ ರಾಮ, ಮನುಷ್ಯ ಎಂದೇ ತಿಳಿದಿದ್ದೇನೆ ಎನ್ನುತ್ತಾನೆ. ಕ್ರೈಸ್ತರ ಮಾತಿಗೆ ನಮ್ಮಲ್ಲಿ ತೀರಾ ಹತ್ತಿರ ಬರುವವನು ಅವನೇ. ಆದರೆ ಕೂಡಲೇ ಬ್ರಹ್ಮ, ನೀನು ನಾರಾಯಣ ಎಂದು ನೆನಪಿಸುತ್ತಾನೆ. ಮಾಧ್ವರನ್ನು ಕೇಳಿದರಂತೂ, ಆ ದೇಹ ನಮ್ಮ ಹಾಗೆ ಪಂಚಭೂತದ್ದಲ್ಲ, ಆ ದುಃಖ ಲೋಕಕ್ಕೆ ತೋರಿಸಿದ್ದು ಎನ್ನುತ್ತಾರೆ. ಗಮನಿಸಿ ಮಾಸ್ತರೇ, ಎಲ್ಲ ಒಂದೇ ಎಂಬ ನಿಮ್ಮ ಮಾತನ್ನು ಉಡುಪಿಯ ಪಂಡಿತರೂ ಒಪ್ಪುವುದಿಲ್ಲ, ಕಾರವಾರದ ಬಿಷಪ್ಪರೂ ಒಪ್ಪುವುದಿಲ್ಲ. ಒಪ್ಪುವವರು ನೀವೊಬ್ಬರೇ.

ನಿಮ್ಮ ಅರ್ಥಧಾರಿಗಳ ಆ ಜಗಳವೇ ಅವರಲ್ಲಿ ನೂರಾರು ವರ್ಷ ನಡೆಯಿತು. ಕೊನೆಯ ದಿನ ಯಾವಾಗ ಬರುತ್ತದೆ ಎಂಬುದು ಮಗನಿಗೂ, ಅಂದರೆ ತನಗೂ, ಗೊತ್ತಿಲ್ಲ ಎಂದು ಯೇಸುವೇ ಹೇಳಿದ್ದು ಮಾರ್ಕನಲ್ಲಿದೆ. ಹಾಗಾದರೆ ಅವನು ದೇವರಿಗಿಂತ ಕೆಳಗಿನವನು, ಸೃಷ್ಟಿಯಾದವನು ಎಂದ ಅರಿಯಸ್ ಎಂಬ ಪಾದ್ರಿ. 325ರ ನೈಸಿಯಾ ಸಭೆ ಅದನ್ನು ತಳ್ಳಿತು. ಮೈ ಮನುಷ್ಯನದು, ಬುದ್ಧಿ ಮಾತ್ರ ದೇವರದು ಎಂದು ಅಪೊಲಿನಾರಿಸ್ ಎಂಬವನು ರಾಜಿಗೆ ಬಂದ. ಅವನಿಗೆ ನಾಜಿಯಾಂಜಸಿನ ಗ್ರೆಗರಿ ಎಂಬ ಬಿಷಪ್ ಕೊಟ್ಟ ಉತ್ತರದ ಸಾರ ಇದು: ದೇವರು ಯಾವುದನ್ನು ತನ್ನದು ಮಾಡಿಕೊಳ್ಳಲಿಲ್ಲವೋ ಅದು ವಾಸಿಯಾಗಲಿಲ್ಲ. ನಮ್ಮಲ್ಲಿ ಜಾಸ್ತಿ ಕೆಟ್ಟಿರುವುದು ಬುದ್ಧಿಯೇ ಅಲ್ವಾ? ಅದನ್ನೇ ಬಿಟ್ಟು ಬರೀ ಮೈ ತೊಟ್ಟರೆ ಏನು ಬಂತು? 451ರಲ್ಲಿ ಕ್ಯಾಲ್ಸಿಡನ್ ಸಭೆ, ಪೂರ್ತಿ ದೇವರು, ಪೂರ್ತಿ ಮನುಷ್ಯ, ಎರಡನ್ನು ಕಲಸಬೇಡಿ, ಎರಡನ್ನು ಬೇರೆಯೂ ಮಾಡಬೇಡಿ ಎಂದಿತು. ಹೇಗೆ ಎಂಬುದನ್ನು ಬಿಡಿಸಿ ಹೇಳಲಿಲ್ಲ. ಹೇಗಲ್ಲ ಎಂಬುದನ್ನು ಮಾತ್ರ ಹೇಳಿ ಎದ್ದರು.

ಇನ್ನೊಂದು ಇದೆ, ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು. ಗೀತೆಯ ಕೃಷ್ಣ ಯುಗಯುಗದಲ್ಲೂ ಬರುತ್ತೇನೆ ಎನ್ನುತ್ತಾನೆ. ಬೇಡನ ಬಾಣ ಕಾಲಿಗೆ ತಾಗುತ್ತದೆ, ಅವತಾರ ಮುಗಿಯುತ್ತದೆ, ತನ್ನ ಲೋಕಕ್ಕೆ ಹೋಗುತ್ತಾನೆ. ಕ್ರೈಸ್ತರ ಪ್ರಕಾರ ದೇವರು ಹೀಗೆ ಬಂದದ್ದು ಒಂದೇ ಸಲ, ಮತ್ತು ಆ ಮೈಯನ್ನು ಅವನು ಬಿಟ್ಟೇ ಇಲ್ಲ. ಸತ್ತು ಎದ್ದ ಮೇಲೂ ಮೊಳೆಯ ಗಾಯ ಹಾಗೇ ಇತ್ತು. ಬೆರಳಿಟ್ಟು ನೋಡು ಎಂದು ಶಿಷ್ಯ ತೋಮನಿಗೆ ತೋರಿಸಿದ. ಇಂದಿಗೂ ಅವನು ಮನುಷ್ಯನೇ. ಅದಕ್ಕೇ ಪ್ರತಿ ಭಾನುವಾರ ವಿಶ್ವಾಸದ ಮಾತು ಹೇಳುವಾಗ ಪೊಂತಿಯ ಪಿಲಾತನ ಹೆಸರು ಹೇಳುತ್ತಾರೆ. ಯಾರು ಅವನು? ಸುಮಾರು 26ರಿಂದ 36ರ ತನಕ ಯೂದಾಯದಲ್ಲಿದ್ದ ಒಬ್ಬ ರೋಮನ್ ಅಧಿಕಾರಿ. ಇಂಥ ಊರಿನಲ್ಲಿ, ಇಂಥ ಸಾಹೇಬನ ಕಾಲದಲ್ಲಿ ಎಂದು ದೇವರಿಗೆ ತಾರೀಖು ಹಾಕಿಟ್ಟಿದ್ದಾರೆ. ಇದನ್ನು ನಂಬಿ ಎಂದು ನಾನು ಹೇಳುತ್ತಿಲ್ಲ. ನಾನೇ ನಂಬುವವನಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಬೆಳಿಗ್ಗೆ ಸಾಲಿಗ್ರಾಮಕ್ಕೇ ನೀರು. ಆದರೆ ಪಕ್ಕದ ಮನೆಯವನು ಇಷ್ಟು ದೊಡ್ಡ ಮಾತು ಹೇಳುತ್ತಿರುವಾಗ, ಗೊತ್ತು ಬಿಡು, ನಮ್ಮಲ್ಲೂ ಅಂಥವು ಹತ್ತು ಇವೆ ಅನ್ನುವುದು ಸೌಹಾರ್ದ ಹೇಗೆ ಆಗುತ್ತದೆ?

ಭಟ್ಕಳದಲ್ಲಿ ನನಗೊಬ್ಬ ನವಾಯತ ಮುಸ್ಲಿಂ ಸ್ನೇಹಿತ ಇದ್ದಾನೆ, ಬಟ್ಟೆ ಅಂಗಡಿಯವನು. ಈಸಾ, ಅಂದರೆ ಯೇಸು, ದೊಡ್ಡ ಪ್ರವಾದಿ ಎಂದು ಗೌರವದಿಂದ ಹೇಳುತ್ತಾನೆ. ಮರಿಯಮ್ಮನ ಹೆಸರಿನ ಅಧ್ಯಾಯವೇ ಕುರಾನಿನಲ್ಲಿದೆ, 19ನೆಯದು ಎನ್ನುತ್ತಾನೆ. ಅದೇ ಉಸಿರಿನಲ್ಲಿ, ಆದರೆ ಅಲ್ಲಾಹು ಹೆರುವವನೂ ಅಲ್ಲ, ಹುಟ್ಟುವವನೂ ಅಲ್ಲ, ನಿಮ್ಮಿಬ್ಬರದೂ ನನಗೆ ಒಪ್ಪಿಗೆ ಇಲ್ಲ ಎಂದು ಮುಖಕ್ಕೇ ಹೇಳುತ್ತಾನೆ. ಹೇಳಿ ಊಟಕ್ಕೆ ಎಬ್ಬಿಸುತ್ತಾನೆ. ಅವನ ಜೊತೆ ಮಾತಾಡಿದಾಗ ನನ್ನನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದಾನೆ ಎನಿಸುತ್ತದೆ.

ನಮ್ಮ ಸೌಹಾರ್ದ ಸಭೆಗಳಲ್ಲಿ ಹಾಗೆ ಎನಿಸಿದ್ದೇ ಇಲ್ಲ. ಒಬ್ಬ ಸ್ವಾಮಿಗಳು, ಒಬ್ಬ ಫಾದರ್, ಒಬ್ಬ ಮೌಲ್ವಿ. ಒಂದು ದೀಪ, ಮೂರು ಶಾಲು. ನದಿಗಳೆಲ್ಲ ಸಮುದ್ರ ಸೇರುತ್ತವೆ ಎಂಬ ಭಾಷಣ ಮೂರು ಸಲ. ಆಮೇಲೆ ಕೇಸರಿಬಾತು. ಒಬ್ಬರು ಇನ್ನೊಬ್ಬರನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಮಾರನೇ ದಿನ ಅದೇ ಸಭಿಕರು ವಾಟ್ಸಾಪಿನಲ್ಲಿ ಒಬ್ಬರ ಮೇಲೊಬ್ಬರು ಕಳಿಸುವ ಹೊಲಸು ಓದಬೇಕು ನೀವು. ವಾದ ಮಾಡಲು ಬರುವವರಿಗೆ ಬೈಗುಳ ಅಷ್ಟಾಗಿ ಬೇಕಾಗುವುದಿಲ್ಲ. ಇಡೀ ರಾತ್ರಿ ವಾದ ಕೇಳುತ್ತಿದ್ದ ಊರುಗಳು ನಮ್ಮವು. ಈಗ ತಾಳಮದ್ದಳೆಗೂ ಎರಡು ಗಂಟೆಯ ಗಡುವು ಹಾಕುತ್ತಾರೆ.

ಶಾಲೆಗಳ ಕಥೆ ಕೇಳಲೇಬೇಡಿ. ಕ್ರಿಸ್ಮಸ್ ಎಂದರೆ ಕೆಂಪು ಅಂಗಿಯ ಅಜ್ಜ ಬರಬೇಕು. ಕಾರವಾರದ ಬೆವರಿನಲ್ಲಿ ಹುಡುಗನ ಗಲ್ಲಕ್ಕೆ ಹತ್ತಿ ಅಂಟಿಸಬೇಕು. ಗೋದಲಿಯ ಮೇಲೂ ಹಿಮ ಎಂದು ಹತ್ತಿಯೇ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೋ ಎಂಬಲ್ಲಿ ಹುಲ್ಲು ಹಾಸಿ, ಎತ್ತು ಕತ್ತೆ ತರಿಸಿ ನಿಲ್ಲಿಸಿದ್ದು ಆ ಕೂಸಿನ ಬಡತನ ಜನರ ಕಣ್ಣಿಗೆ ಕಾಣಲಿ ಎಂದು. ಈಗ ಅದರ ಸುತ್ತ ಮಿಣುಕು ದೀಪ ಎಷ್ಟೆಂದರೆ ಕೂಸು ಎಲ್ಲಿದೆ ಎಂದು ಹುಡುಕಬೇಕು. ಇದಕ್ಕಿಂತ ಹಿಂದಿನವರು ವಾಸಿ. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿ 1579ರಲ್ಲಿ ಗೋವೆಗೆ ಬಂದ. ಇಲ್ಲಿಯ ಜನರ ಭಾಷೆ ಕಲಿತ, ಪುರಾಣದ ಧಾಟಿ ಕಲಿತ, ಹತ್ತಿರ ಹತ್ತಿರ 11,000 ಓವಿ ಪದ್ಯಗಳಲ್ಲಿ ಕ್ರಿಸ್ತಪುರಾಣ ಬರೆದ. ಅದು 1616ರಲ್ಲಿ ಅಚ್ಚಾಯಿತು. ಸ್ವರ್ಗಕ್ಕೆ ವೈಕುಂಠ ಎಂದೇ ಹೇಳಿದ. ಮತಾಂತರದ ಕಾಲ ಅದು, ಅವನ ಉದ್ದೇಶ ನಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಎದುರಿನವನ ಮಾತನ್ನು ಅಷ್ಟು ಆಳಕ್ಕೆ ಕಲಿತು, ತನ್ನ ಮಾತನ್ನು ಬಿಟ್ಟುಕೊಡದೆ ಹೇಳಿದನಲ್ಲ, ಆ ಶ್ರಮವನ್ನು ನಮ್ಮವರು ಇಗರ್ಜಿಯ ಒಳಗಿನ ಮಾತು ಕೇಳಲೂ ಪಡುವುದಿಲ್ಲ. ಚಂದಾವರದ ಇಗರ್ಜಿಯ ಹಬ್ಬಕ್ಕೆ ನಮ್ಮ ಜನ ಹೋಗುತ್ತಾರೆ, ಹರಕೆ ಹೊರುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ. ಒಳಗೆ ಏನು ಹೇಳುತ್ತಿದ್ದಾರೆ ಎಂದು ಕೇಳಿ ಬಂದವರನ್ನು ನಾನು ಕಂಡಿಲ್ಲ.

ನಿಮ್ಮನ್ನು ಬೈದೆ ಎಂದುಕೊಳ್ಳಬೇಡಿ. ನಲವತ್ತು ಪುಟದ ಪತ್ರಿಕೆಯಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಎಂದು ಹುಡುಕಿ ಬರೆಯುವ ಓದುಗರು ಎಷ್ಟು ಜನ ಉಳಿದಿದ್ದಾರೆ? ಅದಕ್ಕೇ ಒಂದು ಕೆಲಸ ಹಚ್ಚುತ್ತೇನೆ. ರಾಮನ ಅಳುವಿನ ಬಗ್ಗೆ ನೀವು ತಾಳಮದ್ದಳೆಯಲ್ಲಿ ಕೇಳಿದ ವಾದಗಳನ್ನೆಲ್ಲ ಬರೆದು ಕಳಿಸಿ. ಯಾರು ಯಾವ ಕಡೆ ನಿಂತರು, ಯಾರು ಸೋತರು, ಎಲ್ಲ ಇರಲಿ. ನಾಲ್ಕು ಪುಟ ಬಿಟ್ಟಿದ್ದೇನೆ. ಬರುವ ತಿಂಗಳ ಹತ್ತರೊಳಗೆ ಸಿಕ್ಕರೆ ಫೆಬ್ರವರಿಗೇ ಹಾಕಬಹುದು. ಟೈಪ್ ಮಾಡಿಸುವ ಖರ್ಚು ಬೇಡ, ನಿಮ್ಮ ಕೈಬರಹ ನಮ್ಮ ಹುಡುಗರಿಗೆ ಓದಲು ಬರುತ್ತದೆ.